ಕುಲ್ಕುಲ್ ತಟ್ಟೆಯಿಂದ ಎದ್ದು ಹೋದ ಹುಡುಗರು: ಕ್ರೈಸ್ತ ಮನೆಯಲ್ಲಿ ಗಂಡು-ಹೆಣ್ಣಿನ ಪಾಠಕ್ಕೆ ನಾಲ್ಕು ದಾರಿ

ಡಿಸೆಂಬರ್ ಎರಡನೆಯ ವಾರ ಕಾರವಾರದ ನಮ್ಮ ಮನೆಯಲ್ಲಿ ಕುಲ್ಕುಲ್ ಎಂಬ ಕ್ರಿಸ್ಮಸ್ ತಿಂಡಿ ಮಾಡುವ ದಿನ. ಗೋಲಿಯಷ್ಟು ಮೈದಾ ಉಂಡೆಯನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಹೆಬ್ಬೆರಳಿನಿಂದ ಸುರುಳಿ ಸುತ್ತಿದರೆ ಗೆರೆ ಗೆರೆಯ ಪುಟ್ಟ ಶಂಖ ಸಿದ್ಧ. ಆಮೇಲೆ ಅದು ಎಣ್ಣೆಗೆ. ಬಾಚಣಿಗೆ ಹೊಸದೇ ಹೌದೋ ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ನೆಲಕ್ಕೆ ಹಳೆಯ ಪತ್ರಿಕೆ ಹಾಸಿ, ನಡುವೆ ದೊಡ್ಡ ತಟ್ಟೆ ಇಟ್ಟು, ಅಕ್ಕಪಕ್ಕದ ಮಕ್ಕಳೆಲ್ಲ ಸುತ್ತ ಕುಳಿತಿರುತ್ತಾರೆ. ಹುಡುಗರು ಮಾಡಿದ್ದು ಸೊಟ್ಟ, ಹುಡುಗಿಯರು ಮಾಡಿದ್ದು ಚೆಂದ ಎಂಬ ಮಾತೆಲ್ಲ ಸುಳ್ಳು; ಎಲ್ಲರದ್ದೂ ಸೊಟ್ಟವೇ.

ಎಂಟೋ ಒಂಬತ್ತೋ ತುಂಬಿದ ಒಂದು ವರ್ಷ ಹುಡುಗರು ಆ ತಟ್ಟೆಯ ಸುತ್ತಲಿಂದ ಎದ್ದು ಹೋಗುತ್ತಾರೆ. ಅವರಿಗೆ ನಕ್ಷತ್ರ ಕಟ್ಟುವ, ಗೋದಲಿಗೆ ಹುಲ್ಲು ತರುವ ಕೆಲಸವಿದೆ. ಹುಡುಗಿಯರು ಅಲ್ಲೇ ಉಳಿಯುತ್ತಾರೆ. ‘ಏಳು’ ಎಂದು ಹುಡುಗರಿಗೆ ಯಾರೂ ಹೇಳಿರುವುದಿಲ್ಲ, ‘ಕೂತಿರು’ ಎಂದು ಹುಡುಗಿಯರಿಗೂ ಯಾರೂ ಹೇಳಿರುವುದಿಲ್ಲ. ಗಂಡು ಹೆಣ್ಣಿನ ಬಗ್ಗೆ ನಾವು ಕಲಿಸುವ ಪಾಠಗಳಲ್ಲಿ ಅತಿ ಗಟ್ಟಿಯಾಗಿ ನಾಟುವುದು ಇದೇ ಎಂದು ನನಗೆ ಅನ್ನಿಸಿದ್ದು ಬಹಳ ತಡವಾಗಿ.

ನಾನು ಭಾನುವಾರದ ಪೂಜೆಯ ನಂತರ ಚಿಕ್ಕ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವಳು. ನಮ್ಮ ಅಜ್ಜಿಯರ ಮಾತಿನಲ್ಲಿ ದೊತೊರ್ನ್ ಟೀಚರ್. ಈಚೆಗೆ ತಂದೆ ತಾಯಂದಿರು ಹತ್ತು ನಿಮಿಷ ತಡೆದು ನಿಂತು ಒಂದೇ ಪ್ರಶ್ನೆ ಕೇಳುತ್ತಾರೆ. ಮೊಬೈಲಿನಲ್ಲಿ ಏನೇನೋ ನೋಡುತ್ತವೆ, ಶಾಲೆಯಲ್ಲಿ ಏನೇನೋ ಕೇಳಿಸಿಕೊಂಡು ಬರುತ್ತವೆ, ಗಂಡು ಹೆಣ್ಣಿನ ವಿಷಯದಲ್ಲಿ ನಮ್ಮ ವಿಶ್ವಾಸಕ್ಕೆ ಒಪ್ಪುವ ಹಾಗೆ ಏನು ಹೇಳಬೇಕು? ಆ ಹತ್ತು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೂರರಿಂದ ಹತ್ತು ವರ್ಷದೊಳಗಿನ ಮಕ್ಕಳ ಮಾತು ಮಾತ್ರ. ಹದಿಹರೆಯದವರ ಕಥೆ ಬೇರೆ.

ನಾನು ಕ್ಯಾಥೋಲಿಕಳು, ಆದ್ದರಿಂದ ನನ್ನ ತಕ್ಕಡಿ ಸ್ವಲ್ಪ ಆ ಕಡೆಗೆ ವಾಲುತ್ತದೆ. ಮೊದಲೇ ಹೇಳಿಬಿಡುವುದು ಮೇಲು. 1976ರಲ್ಲಿ ಸ್ಥಾಪನೆಯಾದ ಕಾರವಾರ ಧರ್ಮಪ್ರಾಂತ್ಯದಲ್ಲಿ ಕರಾವಳಿಯ ಕೊಂಕಣಿ ಕ್ರೈಸ್ತರಿದ್ದಾರೆ, ಘಟ್ಟದ ಮೇಲೆ ಹಳಿಯಾಳ, ಯಲ್ಲಾಪುರದ ಕಡೆ ಆಫ್ರಿಕ ಮೂಲದ ಸಿದ್ದಿ ಕ್ಯಾಥೋಲಿಕರಿದ್ದಾರೆ. ಜಿಲ್ಲೆಯಲ್ಲಿ ಪ್ರಾಟೆಸ್ಟೆಂಟ್ ಸಭೆಗಳವರೂ ಇದ್ದಾರೆ. ಎಲ್ಲರ ಕೈಯಲ್ಲಿರುವುದು ಬೈಬಲ್ಲೇ, ಮನೆಯ ಕಟ್ಟಳೆಗಳು ಮಾತ್ರ ಬೇರೆ ಬೇರೆ.

ಮೊದಲು ಮಗುವಿನ ತಲೆಯೊಳಗೆ ಏನಿದೆ ನೋಡೋಣ

ಎರಡೂವರೆ, ಮೂರು ವರ್ಷಕ್ಕೆ ಮಗು ‘ನಾನು ಹುಡುಗ’, ‘ನಾನು ಹುಡುಗಿ’ ಎಂದು ಹೇಳಲು ಕಲಿಯುತ್ತದೆ. ಆದರೆ ಅದು ಬದಲಾಗುವಂಥದ್ದಲ್ಲ ಎಂಬ ತಿಳಿವಳಿಕೆ ಬರುವುದು ಆರೇಳು ವರ್ಷದ ಹೊತ್ತಿಗೆ. ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ 1966ರಲ್ಲಿ ಇದನ್ನು ಹಂತ ಹಂತವಾಗಿ ವಿವರಿಸಿದರು. ನಡುವಿನ ವರ್ಷಗಳಲ್ಲಿ ಮಗುವಿಗೆ ಕೂದಲು ಕತ್ತರಿಸಿದರೆ ಹುಡುಗ, ಫ್ರಾಕ್ ಹಾಕಿದರೆ ಹುಡುಗಿ. ನಾಲ್ಕು ವರ್ಷದ ಹುಡುಗ ಅಕ್ಕನ ಬಳೆ ಹಾಕಿಕೊಂಡು ಕನ್ನಡಿ ನೋಡಿದ ಎಂದು ಗಾಬರಿಯಾಗಿ ಫಾದರ್ ಹತ್ತಿರ ಓಡಿದ ಮನೆಗಳನ್ನು ನಾನು ಕಂಡಿದ್ದೇನೆ. ಆ ಮಗು ಮಾಡಿದ್ದು ಬಳೆ ಶಬ್ದ ಮಾಡುತ್ತದೋ ಇಲ್ಲವೋ ಎಂಬ ಪರೀಕ್ಷೆ, ಅಷ್ಟೇ.

ನಮ್ಮ ಭಾಷೆಗಳೂ ಈ ವಯಸ್ಸಿನ ಬಗ್ಗೆ ಧಾರಾಳವಾಗಿವೆ. ಕನ್ನಡದಲ್ಲಿ ಮಗು ಅಳುತ್ತದೆ, ನಗುತ್ತದೆ; ಅದು ನಪುಂಸಕಲಿಂಗ. ಕೊಂಕಣಿಯಲ್ಲಂತೂ ಮದುವೆಯಾಗದ ಹುಡುಗಿಯನ್ನೂ ‘ತೆಂ’ ಎನ್ನುತ್ತೇವೆ, ಅಂದರೆ ‘ಅದು’. ನಮ್ಮ ಅಜ್ಜಿಗೆ ನಾನು ಇಪ್ಪತ್ತೆರಡರವರೆಗೂ ‘ಅದು’ವೇ ಆಗಿದ್ದೆ. ವ್ಯಾಕರಣಕ್ಕೂ ಮನುಷ್ಯನಿಗೂ ಇರುವ ಸಂಬಂಧ ನಾವು ಅಂದುಕೊಂಡಷ್ಟು ಬಿಗಿಯಲ್ಲ.

ಒಂದನೆಯ ದಾರಿ: ಗಂಡಿಗೆ ಗಂಡಿನ ಕೆಲಸ, ಹೆಣ್ಣಿಗೆ ಹೆಣ್ಣಿನ ಕೆಲಸ

ದೇವರು ಇಬ್ಬರನ್ನೂ ಸಮಾನ ಬೆಲೆಯವರನ್ನಾಗಿ ಸೃಷ್ಟಿಸಿದರು, ಆದರೆ ಹೊಣೆಗಳನ್ನು ಬೇರೆ ಬೇರೆ ಇಟ್ಟರು. ಗಂಡು ಮುಂದಾಳು, ಹೆಣ್ಣು ಜೊತೆಗಾರ್ತಿ ಎನ್ನುತ್ತದೆ ಈ ದಾರಿ. ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯ ಇದರ ಆಧಾರ. ಅಮೆರಿಕದ ಪ್ರಾಟೆಸ್ಟೆಂಟರಲ್ಲಿ ಒಂದು ಪಂಗಡ 1987ರಲ್ಲಿ ಡ್ಯಾನ್ವರ್ಸ್ ಹೇಳಿಕೆ ಎಂಬ ಹೆಸರಿನಲ್ಲಿ ಇದನ್ನು ಬರೆದಿಟ್ಟಿತು. ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಸಿಗುವ ಅನೇಕ ಪುಸ್ತಕ, ವಿಡಿಯೊಗಳು ಈ ನೆಲೆಯಿಂದಲೇ ಬರುತ್ತವೆ.

ಇದರ ಗುಣ ಮೊದಲು ಹೇಳಬೇಕು. ಚಿಕ್ಕ ಮಕ್ಕಳಿಗೆ ಕ್ರಮ ಇಷ್ಟ. ‘ಅಪ್ಪ ಇದಕ್ಕೆ, ಅಮ್ಮ ಅದಕ್ಕೆ’ ಎಂದರೆ ಅವರ ಮನಸ್ಸಿಗೆ ಮನೆ ಗಟ್ಟಿಯಾಗಿ ನಿಂತಂತೆ ಕಾಣುತ್ತದೆ. ಜೊತೆಗೆ ಆ ಅಧ್ಯಾಯದಲ್ಲಿ ಗಂಡನಿಗೆ ಹೇಳಿದ್ದು ಅಧಿಕಾರ ನಡೆಸು ಎಂದಲ್ಲ. ಕ್ರಿಸ್ತನು ಸಭೆಗಾಗಿ ತನ್ನನ್ನೇ ಕೊಟ್ಟಂತೆ ನೀನೂ ಕೊಡು ಎಂದು. ಮನೆಗೆ ಬಂದ ತಕ್ಷಣ ಮೊಬೈಲ್ ಹಿಡಿಯುವ ತಂದೆಯನ್ನು ಮಕ್ಕಳ ಪ್ರಾರ್ಥನೆಯ ಜಾಗಕ್ಕೆ ಎಳೆದು ತರಲು ಈ ದಾರಿಯ ಕೆಲವು ಕುಟುಂಬಗಳಿಗೆ ಸಾಧ್ಯವಾಗಿದೆ. ಅದು ಸಣ್ಣ ಮಾತಲ್ಲ.

ತೊಂದರೆ ಆ ಪಟ್ಟಿಯಲ್ಲಿದೆ. ನಮ್ಮ ತರಗತಿಗೆ ಯಾರೋ ಉದಾರವಾಗಿ ಕೊಟ್ಟ ಬಣ್ಣ ಹಚ್ಚುವ ಪುಸ್ತಕವೊಂದಿತ್ತು. ಅದರಲ್ಲಿ ಅಪ್ಪ ಟೈ ಕಟ್ಟಿಕೊಂಡು ಕಚೇರಿಗೆ ಹೊರಟಿದ್ದಾನೆ, ಅಮ್ಮ ಅವನ್‌ನಿಂದ ಕೇಕ್ ಹೊರತೆಗೆಯುತ್ತಿದ್ದಾಳೆ, ಕೆಳಗೆ ‘ದೇವರು ಇವರನ್ನು ಹೀಗೆ ಸೃಷ್ಟಿಸಿದರು’ ಎಂಬ ಅರ್ಥದ ಒಂದು ಸಾಲು. ಬೈತಖೋಲದ ಮೀನುಗಾರರ ಮನೆಯ ಒಬ್ಬ ಹುಡುಗ ಅಪ್ಪನ ಟೈಗೆ ಹಳದಿ ಹಚ್ಚಿ, ಅಮ್ಮನನ್ನು ಹಾಗೇ ಬಿಟ್ಟ. ಏಕೆ ಎಂದರೆ, "ಟೀಚರ್, ಇವರು ಮೀನು ಮಾರಲು ಹೋಗುವುದಿಲ್ಲವೇ? ಹಾಗಾದರೆ ದುಡ್ಡು ಯಾರ ಹತ್ತಿರ ಇರುತ್ತದೆ?" ಎಂದ.

ಅವನಿಗೆ ಗೊತ್ತಿರುವ ಪ್ರಪಂಚದಲ್ಲಿ ಗಂಡಸರು ದೋಣಿ ಏರುತ್ತಾರೆ, ಆದರೆ ಬಂಗಡೆಗೆ ಬೆಲೆ ಕಟ್ಟುವುದು, ಚೌಕಾಸಿ ಮಾಡುವುದು, ಸೊಂಟದ ಚೀಲದಲ್ಲಿ ನೋಟು ಎಣಿಸಿಡುವುದು ಹೆಂಗಸರು. ಅಂಕೋಲಾ ಕಡೆಯ ಹಾಲಕ್ಕಿ ಸಮುದಾಯದ ಹೆಂಗಸರ ಕೈಯಲ್ಲಿ ಸಸಿಯೂ ಇತ್ತು, ಹಾಡೂ ಇತ್ತು; ತುಳಸಿ ಗೌಡ, ಸುಕ್ರಿ ಬೊಮ್ಮಗೌಡ ಇಬ್ಬರಿಗೂ ಪದ್ಮಶ್ರೀ ಬಂದದ್ದು ಮಕ್ಕಳಿಗೆ ಶಾಲೆಯಲ್ಲಿ ಗೊತ್ತಿದೆ. ಯಾವುದೋ ಖಂಡದ ನಗರವೊಂದರ ಮನೆಯ ದಿನಚರಿಯನ್ನು ದೇವರ ಆಜ್ಞೆ ಎಂದು ಇಲ್ಲಿ ತಂದು ಹಚ್ಚಿದರೆ, ಮಗು ಒಂದು ದಿನ ದೇವರನ್ನೂ ಆ ದಿನಚರಿಯನ್ನೂ ಒಟ್ಟಿಗೇ ಕೈಬಿಡಬಹುದು.

ಬೈಬಲ್ಲೇ ಆ ಪಟ್ಟಿಗೆ ಒಗ್ಗುವುದಿಲ್ಲ. ಯಾಕೋಬ ಬೇಳೆಯ ಸಾರು ಕುದಿಸಿ ಅಣ್ಣನಿಂದ ಜ್ಯೇಷ್ಠತನವನ್ನೇ ಕೊಂಡುಕೊಂಡ. ದೆಬೋರ ಖರ್ಜೂರದ ಮರದ ಕೆಳಗೆ ಕುಳಿತು ಇಸ್ರಾಯೇಲಿಗೆ ನ್ಯಾಯ ಹೇಳಿದಳು. ಸೇನಾಪತಿ ಬಾರಾಕನು ‘ನೀನು ಬಂದರೆ ಮಾತ್ರ ಯುದ್ಧಕ್ಕೆ ಹೋಗುತ್ತೇನೆ’ ಎಂದ. ಜ್ಞಾನೋಕ್ತಿಯ ಕೊನೆಯ ಅಧ್ಯಾಯದ ಗುಣವತಿ ಹೊಲ ನೋಡಿ ಕ್ರಯಕ್ಕೆ ತೆಗೆದುಕೊಳ್ಳುತ್ತಾಳೆ. ಲುದ್ಯಳು ಕೆನ್ನೇರಳೆ ಬಟ್ಟೆಯ ವ್ಯಾಪಾರಿ. ಪುನರುತ್ಥಾನದ ನಂತರ ಯೇಸು ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಶಿಷ್ಯರನ್ನು ಊಟಕ್ಕೆ ಕರೆಯುತ್ತಾನೆ. ಈ ಕೊನೆಯದನ್ನು ನಮ್ಮ ಕಡಲ ದಡದ ಮಕ್ಕಳಿಗೆ ಹೇಳಿ ನೋಡಿ. ಮೊದಲ ಪ್ರಶ್ನೆ ಯಾವ ಮೀನು ಎಂಬುದೇ.

ಎರಡನೆಯ ದಾರಿ: ಏನೂ ಹೇಳದಿರುವುದು

ಹೆಚ್ಚಿನ ಮನೆಗಳು ಹಿಡಿದಿರುವುದು ಈ ದಾರಿ. ‘ಅದೆಲ್ಲ ತಾನಾಗಿಯೇ ತಿಳಿಯುತ್ತದೆ.’ ತಿಳಿಯುತ್ತದೆ ನಿಜ, ಕುಲ್ಕುಲ್ ತಟ್ಟೆಯಿಂದ, ಬಸ್ ನಿಲ್ದಾಣದಿಂದ, ಮೊಬೈಲಿನಿಂದ.

ಮೌನದ ದೊಡ್ಡ ಅಪಾಯ ಬೇರೆ ಇದೆ. ದೇಹದ ಅಂಗಗಳಿಗೆ ಹೆಸರೇ ಕಲಿಸದ ಮಗುವಿಗೆ ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಹೇಳಲು ಮಾತೇ ಇರುವುದಿಲ್ಲ. 2012ರ ಪೋಕ್ಸೊ ಕಾಯ್ದೆ ಹದಿನೆಂಟು ತುಂಬದ ಹುಡುಗಿಯನ್ನೂ ಹುಡುಗನನ್ನೂ ಒಂದೇ ರೀತಿ ಕಾಯುತ್ತದೆ. ಆದರೆ ‘ಹುಡುಗನಿಗೇನಾಗುತ್ತದೆ’ ಎಂಬ ಉಡಾಫೆ ನಮ್ಮಲ್ಲಿ ಇನ್ನೂ ಇದೆ. ನಿಮ್ಮ ದೇಹ ಪವಿತ್ರಾತ್ಮನ ಆಲಯ ಎಂದು ಪೌಲನು ಕೊರಿಂಥದವರಿಗೆ ಬರೆದ ಮಾತನ್ನು ನಾವು ದೊಡ್ಡವರಿಗೆ ಸಿಗರೇಟು ಬಿಡಿಸಲು ಬಳಸುತ್ತೇವೆ. ಆರು ವರ್ಷದ ಮಗುವಿಗೆ ಅದನ್ನು ಹೀಗೆ ಹೇಳಬಹುದು: ಇಗರ್ಜಿಯ ಒಳಗೆ ಕೇಳದೆ ಯಾರೂ ನುಗ್ಗುವುದಿಲ್ಲವಲ್ಲ, ನಿನ್ನ ದೇಹವೂ ಹಾಗೆಯೇ, ನುಗ್ಗಿದರೆ ಕೂಗು, ಬಂದು ಹೇಳು, ಬಂದವರು ಯಾರೇ ಆಗಿರಲಿ. ಮನೆಯಲ್ಲಿ ಹೇಳಲಾಗದಿದ್ದರೆ 1098 ಎಂಬ ಮಕ್ಕಳ ಸಹಾಯವಾಣಿ ಇದೆ ಎಂಬುದನ್ನು ನನ್ನ ತರಗತಿಯ ಮಕ್ಕಳು ಪರಲೋಕ ಮಂತ್ರದಷ್ಟೇ ಚೆನ್ನಾಗಿ ಬಾಯಿಪಾಠ ಮಾಡಿದ್ದಾರೆ.

ಈ ದಾರಿಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ನನಗೆ ತಾಳ್ಮೆಯಿಲ್ಲ.

ಮೂರನೆಯ ದಾರಿ: ಕ್ರಿಸ್ತನಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ

ಗಲಾತ್ಯದವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯ, ಇಪ್ಪತ್ತೆಂಟನೆಯ ವಚನ. ಯೆಹೂದ್ಯ-ಗ್ರೀಕ, ಆಳು-ಒಡೆಯ, ಗಂಡು-ಹೆಣ್ಣು ಎಂಬ ಭೇದವಿಲ್ಲ, ಕ್ರಿಸ್ತನಲ್ಲಿ ಎಲ್ಲರೂ ಒಂದೇ. ಪ್ರಾಟೆಸ್ಟೆಂಟರಲ್ಲಿ ಅನೇಕರು, ಕ್ಯಾಥೋಲಿಕರಲ್ಲಿ ಕೆಲವರು ಮಕ್ಕಳಿಗೂ ಇದನ್ನೇ ಮೂಲಪಾಠವಾಗಿ ಹೇಳುತ್ತಾರೆ. ಸಿಎಸ್‌ಐ ಎಂಬ ದಕ್ಷಿಣ ಭಾರತದ ಪ್ರಾಟೆಸ್ಟೆಂಟ್ ಸಭೆ 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಮಹಿಳಾ ಬಿಷಪ್ ಒಬ್ಬರನ್ನು ನೇಮಿಸಿದ್ದರ ಹಿಂದೆ ಈ ವಚನದ ಬಲವೂ ಇದೆ.

ನನಗೆ ಈ ವಚನ ಬಹಳ ಪ್ರಿಯ. ನಮ್ಮ ಕರಾವಳಿಯ ಕ್ರೈಸ್ತರಲ್ಲಿ ಜಾತಿ ಇನ್ನೂ ಮದುವೆಯ ಮಾತುಕತೆಯಲ್ಲಿ ಇಣುಕುತ್ತದೆ, ಸಿದ್ದಿ ಮಕ್ಕಳನ್ನು ಬಣ್ಣದಿಂದ ಅಳೆಯುವ ಕಣ್ಣು ಇನ್ನೂ ಇದೆ. ಅದಕ್ಕೆಲ್ಲ ಈ ಒಂದು ಸಾಲು ಚಾಟಿ. ಹುಡುಗಿಯರಿಗಂತೂ ಇದು ಬೆನ್ನು ನೆಟ್ಟಗೆ ಮಾಡುತ್ತದೆ. ಬೈಬಲ್ಲಿನ ಅರಣ್ಯಕಾಂಡದಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಆಸ್ತಿಯಲ್ಲಿ ಪಾಲು ಕೇಳಿದ, ದೇವರು ‘ಅವರು ಹೇಳುವುದು ನ್ಯಾಯ’ ಎಂದ ಕಥೆಯನ್ನು ಇದರ ಜೊತೆಗೆ ಹೇಳಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕ್ರೈಸ್ತ ಮಗಳಿಗೂ ಮಗನಿಗೂ ಸಮಪಾಲು ಕೊಟ್ಟಿದೆ. ಆದರೂ ತಂದೆ ತೀರಿಕೊಂಡ ಮೇಲೆ ಅಕ್ಕತಂಗಿಯರಿಂದ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! (ಸಹಿ ಹಾಕಿಸಿದವರೇ ಮರುದಿನ ಪೂಜೆಯಲ್ಲಿ ವಾಚನ ಓದುತ್ತಾರೆ.)

ಆದರೆ ಐದು ವರ್ಷದ ಮಗುವಿಗೆ ಮಾತೆಂದರೆ ಮಾತು, ಅದರ ಹಿಂದೆ ಇನ್ನೊಂದು ಅರ್ಥವಿಲ್ಲ. ‘ಗಂಡೂ ಇಲ್ಲ ಹೆಣ್ಣೂ ಇಲ್ಲ’ ಎಂದು ನಾನೊಮ್ಮೆ ಉತ್ಸಾಹದಿಂದ ಓದಿದಾಗ ಒಂದು ಪುಟಾಣಿ ಅಳು ಮುಖ ಮಾಡಿಕೊಂಡು, "ಹಾಗಾದರೆ ನಾನು ಏನು?" ಎಂದಿತು. ಪೌಲನು ಅಲ್ಲಿ ಹೇಳುತ್ತಿರುವುದು ದೀಕ್ಷಾಸ್ನಾನ ಪಡೆದವರ ಸ್ಥಾನಮಾನದ ಬಗ್ಗೆ. ಮಗು ಕೇಳುವುದು ತನ್ನ ಮೈಯ ಬಗ್ಗೆ. ಆ ಪ್ರಶ್ನೆಗೆ ಈ ವಚನ ಉತ್ತರ ಕೊಡುವುದಿಲ್ಲ, ಕೊಡಲು ಬರೆದದ್ದೂ ಅಲ್ಲ.

ನಾಲ್ಕನೆಯ ದಾರಿ: ದೇಹ ದೇವರದ್ದು, ಕೆಲಸದ ಪಟ್ಟಿ ನಮ್ಮದು

ಹೆಣ್ಣಿನ ದೇಹ, ಗಂಡಿನ ದೇಹ ಎರಡೂ ದೇವರ ಕೊಡುಗೆ, ಎರಡರಲ್ಲೂ ಅವನ ಸ್ವರೂಪವಿದೆ ಎಂದು ಆದಿಕಾಂಡದ ಮೊದಲ ಅಧ್ಯಾಯ ಹೇಳುತ್ತದೆ. ಅದನ್ನು ಹಾಗೆಯೇ, ನಾಚಿಕೆಯಿಲ್ಲದೆ ಮಗುವಿಗೆ ಹೇಳುವುದು. ಆದರೆ ಯಾರು ಪಾತ್ರೆ ತೊಳೆಯಬೇಕು, ಯಾರು ದೋಣಿ ನಡೆಸಬೇಕು, ಯಾರು ಅಳಬೇಕು ಎಂಬುದನ್ನು ಆ ವಚನದೊಳಗೆ ತುರುಕದಿರುವುದು.

ಇದು ನನ್ನ ಸ್ವಂತ ಆವಿಷ್ಕಾರವಲ್ಲ. ಪೋಪ್ ಫ್ರಾನ್ಸಿಸ್ 2016ರಲ್ಲಿ ಕುಟುಂಬದ ಕುರಿತು ಹೊರಡಿಸಿದ ‘ಅಮೋರಿಸ್ ಲೆತೀತ್ಸಿಯಾ’ ಎಂಬ ಪತ್ರದ ಎರಡು ಕಡೆಗಳನ್ನು ಒಟ್ಟಿಗೆ ಇಟ್ಟು ಓದಬೇಕು. 56ನೆಯ ಪರಿಚ್ಛೇದದಲ್ಲಿ, ಹುಟ್ಟಿನ ಲಿಂಗವನ್ನೂ ಸಮಾಜ ಅದಕ್ಕೆ ಕೊಡುವ ಪಾತ್ರವನ್ನೂ ಬೇರೆ ಬೇರೆಯಾಗಿ ಗುರುತಿಸಬಹುದು, ಆದರೆ ಒಂದರಿಂದ ಇನ್ನೊಂದನ್ನು ಕಿತ್ತು ಬೇರ್ಪಡಿಸಲಾಗದು ಎಂದಿದೆ. 286ರಲ್ಲಿ, ಗಂಡ ಮನೆಗೆಲಸ ಮಾಡಿದರೆ ಗಂಡಸುತನಕ್ಕೆ ಕುಂದಿಲ್ಲ. ಕಲೆ, ನೃತ್ಯ ಗಂಡಿಗೆ ತಕ್ಕದ್ದಲ್ಲ, ನಾಯಕತ್ವ ಹೆಣ್ಣಿಗೆ ತಕ್ಕದ್ದಲ್ಲ ಎಂಬ ಬಿಗಿ ಭಾವನೆ ಮಕ್ಕಳ ಬೆಳವಣಿಗೆಗೆ ಅಡ್ಡಿ ಎಂಬ ಅರ್ಥದ ಮಾತಿದೆ. ಮೊದಲನೆಯದನ್ನು ಮಾತ್ರ ಓದಿದವರು ಒಂದನೆಯ ದಾರಿಗೆ ಹೋಗುತ್ತಾರೆ, ಎರಡನೆಯದನ್ನು ಮಾತ್ರ ಓದಿದವರು ಮೂರನೆಯದಕ್ಕೆ. 2019ರಲ್ಲಿ ವ್ಯಾಟಿಕನ್ನಿನ ಶಿಕ್ಷಣ ವಿಭಾಗ ಹೊರತಂದ ದಾಖಲೆಯೂ, ಮನುಷ್ಯನ ಘನತೆಯ ಕುರಿತ 2024ರ ‘ದಿಗ್ನಿತಾಸ್ ಇನ್ಫಿನಿತಾ’ವೂ ಲಿಂಗ ನಾವೇ ಆಯ್ದುಕೊಳ್ಳುವಂಥದ್ದು ಎಂಬ ವಾದವನ್ನು ಒಪ್ಪುವುದಿಲ್ಲ. ಅದೇ ಉಸಿರಿನಲ್ಲಿ ಯಾರನ್ನೂ ಅವಮಾನಿಸುವಂತಿಲ್ಲ, ಹಿಂಸಿಸುವಂತಿಲ್ಲ ಎನ್ನುತ್ತವೆ. ಭಾರತದ ಕ್ಯಾಥೋಲಿಕ್ ಧರ್ಮಾಧ್ಯಕ್ಷರು 2010ರಲ್ಲೇ ಲಿಂಗ ಸಮಾನತೆಯ ನೀತಿಯೊಂದನ್ನು ಪ್ರಕಟಿಸಿದರು. ನಮ್ಮಲ್ಲಿ ಎಷ್ಟು ಮನೆಗಳಿಗೆ ಅದು ತಲುಪಿದೆ ಎಂದು ಕೇಳಬೇಡಿ.

ಕಲೆ, ನೃತ್ಯ ಎಂದೆನಲ್ಲ. ಹೊನ್ನಾವರ, ಕುಮಟಾ, ಸಿರ್ಸಿ ಕಡೆ ಯಕ್ಷಗಾನ ನೋಡಿ ಬೆಳೆದ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ಮೀಸೆ ಬೋಳಿಸಿಕೊಂಡು, ಸೀರೆ ಉಟ್ಟು, ಇಡೀ ರಾತ್ರಿ ದ್ರೌಪದಿಯೋ ಮೋಹಿನಿಯೋ ಆಗಿ ಕುಣಿದ ಕಲಾವಿದ ಬೆಳಿಗ್ಗೆ ಅಡಿಕೆ ತೋಟಕ್ಕೆ ಹೋಗುತ್ತಾನೆ. ಊರು ಅವನಿಗೆ ಕೈಮುಗಿಯುತ್ತದೆ. ಅದೇ ಊರು ಹುಡುಗನೊಬ್ಬ ಇಗರ್ಜಿಯ ನಾಟಕದಲ್ಲಿ ದೇವದೂತನಾಗುತ್ತೇನೆ ಎಂದರೆ ನಗುತ್ತದೆ.

ಈ ದಾರಿಯ ಕಷ್ಟವೇನೆಂದರೆ, ಇದಕ್ಕೆ ದೊಡ್ಡವರ ನಡತೆ ಬೇಕು. ಅಪ್ಪ ಭಾನುವಾರ ಮೀನುಸಾರು ಉಂಡು ತಟ್ಟೆ ಅಲ್ಲೇ ಬಿಟ್ಟು ಎದ್ದರೆ, ಯೇಸು ಶಿಷ್ಯರ ಕಾಲು ತೊಳೆದ ಕಥೆಯನ್ನು ಅಮ್ಮ ಎಷ್ಟು ಚೆನ್ನಾಗಿ ಹೇಳಿದರೂ ನೀರಿನಲ್ಲಿ ಹೋಮ. ಒಂದನೆಯ ದಾರಿಯಲ್ಲಿ ಪುಸ್ತಕ ಕೊಟ್ಟರೆ ಸಾಕು. ಇಲ್ಲಿ ಪುಸ್ತಕವೇ ಸಾಲದು.

ಮಕ್ಕಳ ಪ್ರಶ್ನೆಗಳಿಗೆ ಹಚ್ಚಿ ನೋಡಿದಾಗ

ಯಾವ ದಾರಿಯ ಬಂಡವಾಳ ಎಷ್ಟು ಎಂದು ತಿಳಿಯುವುದು ಮಗು ಪ್ರಶ್ನೆ ಕೇಳಿದಾಗ. ನನ್ನ ತರಗತಿಯಲ್ಲಿ ಮತ್ತೆ ಮತ್ತೆ ಬಂದ ಕೆಲವನ್ನು ಹೇಳುತ್ತೇನೆ.

"ಹುಡುಗರು ಅಳಬಾರದು, ಅಲ್ಲವೇ?" ಒಂದನೆಯ ದಾರಿಯವರು ಇಲ್ಲಿ ತಡವರಿಸುತ್ತಾರೆ, ಅವರ ಬೈಬಲ್ಲಿನಲ್ಲೂ ಲಾಜರನ ಸಮಾಧಿಯ ಮುಂದೆ ‘ಯೇಸು ಕಣ್ಣೀರು ಬಿಟ್ಟನು’ ಎಂದೇ ಇರುವುದರಿಂದ. ಮೂರನೆಯ, ನಾಲ್ಕನೆಯ ದಾರಿಯವರಿಗೆ ಸುಲಭ.

"ನಾನು ದೊಡ್ಡವಳಾದ ಮೇಲೆ ಹುಡುಗನಾಗುತ್ತೇನೆ." ಇದನ್ನು ಹೇಳಿದವಳಿಗೆ ನಾಲ್ಕೂವರೆ. ಏಕೆ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಅಣ್ಣನಿಗೆ ಸೈಕಲ್ ಕೊಡಿಸಿದ್ದಾರೆ, ತನಗೆ ಇಲ್ಲ. ಈ ಮಾತಿಗೆ ಧರ್ಮಶಾಸ್ತ್ರ ಬೇಕಿಲ್ಲ, ಸೈಕಲ್ ಬೇಕು. ಆದರೆ ಎಂಟೊಂಬತ್ತರ ಮಗು ತಿಂಗಳುಗಟ್ಟಲೆ ತನ್ನ ದೇಹದ ಬಗ್ಗೆ ಸಂಕಟಪಡುತ್ತಿದ್ದರೆ ಅದು ಬೇರೆ. ಆಗ ಬೈಯುವುದೂ ಬೇಡ, ದೆವ್ವ ಬಿಡಿಸುವ ಪ್ರಾರ್ಥನೆಗೆ ಒಯ್ಯುವುದೂ ಬೇಡ. ಮಕ್ಕಳ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಂಡು, ಮಗುವಿನ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ. ದೇಹ ದೇವರ ಕೊಡುಗೆ ಎಂಬ ನಮ್ಮ ನಂಬಿಕೆ ಮಗುವಿಗೆ ಆಸರೆಯಾಗಬೇಕೇ ಹೊರತು ಅದರ ತಲೆಯ ಮೇಲಿನ ಕಲ್ಲಾಗಬಾರದು.

ಮೂರನೆಯದು ರೈಲಿನ ಪ್ರಶ್ನೆ. ಕಾರವಾರದಿಂದ ಮಡಗಾಂವಿಗೆ ಹೊರಟ ರೈಲಿನಲ್ಲಿ ಮಂಗಳಮುಖಿಯೊಬ್ಬರು ಚಪ್ಪಾಳೆ ತಟ್ಟುತ್ತ ಬಂದು, ನಮ್ಮ ಜೊತೆಗಿದ್ದ ಮಗುವಿನ ತಲೆಯ ಮೇಲೆ ಕೈಯಿಟ್ಟು ಹರಸಿ ಮುಂದೆ ಹೋದರು. ಮಗು ದೊಡ್ಡ ದನಿಯಲ್ಲಿ, "ಅವರು ಅಂಕಲ್ಲೋ ಆಂಟಿಯೋ?" ಎಂದಿತು. ಇಡೀ ಡಬ್ಬಿ ಕಿವಿ ನಿಮಿರಿಸಿತು. ಒಂದನೆಯ ದಾರಿಯಲ್ಲಿ ಇವರಿಗೆ ಜಾಗವೇ ಇಲ್ಲ. ಎರಡನೆಯದು ‘ಶ್, ಸುಮ್ಮನಿರು’ ಎನ್ನುತ್ತದೆ. ಆ ‘ಶ್’ನಿಂದ ಮಗು ಭಯವನ್ನಷ್ಟೇ ಕಲಿಯುತ್ತದೆ. ನಾನು ಹೇಳಿದ್ದು: ಕೆಲವರು ತಾವು ಗಂಡೂ ಅಲ್ಲ ಹೆಣ್ಣೂ ಅಲ್ಲ, ಅಥವಾ ಹುಟ್ಟಿದ್ದಕ್ಕಿಂತ ಬೇರೆ ಎಂದು ಹೇಳುತ್ತಾರೆ, ಜನ ಅವರಿಗೆ ಬಹಳ ನೋವು ಕೊಟ್ಟಿದ್ದಾರೆ, ಅವರನ್ನು ‘ಅಕ್ಕ’ ಎಂದು ಕರೆದರೆ ಅವರಿಗೆ ಸಂತೋಷ, ದೇವರು ಅವರನ್ನೂ ಹೆಸರಿಟ್ಟು ಬಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ತೃತೀಯ ಲಿಂಗಿಗಳೆಂದು ಗುರುತಿಸಿತು, 2019ರಲ್ಲಿ ಕಾಯ್ದೆಯೂ ಬಂತು ಎಂಬುದು ದೊಡ್ಡ ಮಕ್ಕಳಿಗೆ ಸಾಕು. ಚಿಕ್ಕವರಿಗೆ ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯವಿದೆ. ಐಥಿಯೋಪ್ಯದ ಕಂಚುಕಿ, ಅಂದರೆ ಬೀಜ ತೆಗೆಸಿದ ಅರಮನೆಯ ಅಧಿಕಾರಿ, ರಥದಲ್ಲಿ ಕುಳಿತು ಯೆಶಾಯನನ್ನು ಓದುತ್ತಿದ್ದಾನೆ. ಫಿಲಿಪ್ಪ ಓಡಿ ಬಂದು ಜೊತೆಗೆ ಕುಳಿತು ವಿವರಿಸುತ್ತಾನೆ. ದಾರಿಯಲ್ಲಿ ನೀರು ಕಂಡಾಗ, ‘ನನಗೆ ದೀಕ್ಷಾಸ್ನಾನವಾಗುವುದಕ್ಕೆ ಅಡ್ಡಿ ಏನು?’ ಎಂದು ಅವನು ಕೇಳುತ್ತಾನೆ. ಅಡ್ಡಿಯೇನೂ ಇರಲಿಲ್ಲ. ಕಂಚುಕಿ ಮತ್ತು ಮಂಗಳಮುಖಿ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ದೇಹದ ಕಾರಣಕ್ಕೆ ದೇವಾಲಯದ ಹೊರಗೆ ನಿಂತವನ ರಥ ಏರಿ ಪಕ್ಕದಲ್ಲಿ ಕುಳಿತುಕೊಳ್ಳುವುದು ಹೇಗೆ ಎಂಬುದನ್ನು ಆ ಕಥೆ ಕಲಿಸುತ್ತದೆ.

"ದೇವರು ಗಂಡಸೇ?" ಇದಕ್ಕೆ ಕನ್ನಡ ನಮ್ಮ ಕೈಹಿಡಿಯುತ್ತದೆ. ಹಳೆಯ ಅನುವಾದದಲ್ಲಿ ‘ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು’ ಎಂದಿದ್ದರೂ ನಮ್ಮ ನಾಲಗೆಗೆ ಬರುವುದು ‘ದೇವರು ಕೊಟ್ಟರು’, ‘ದೇವರು ಕಾಪಾಡಿದರು’; ಗಂಡೂ ಅಲ್ಲದ ಹೆಣ್ಣೂ ಅಲ್ಲದ ಗೌರವದ ಬಹುವಚನ. ಯೇಸು ‘ತಂದೆ’ ಎಂದು ಕರೆದದ್ದನ್ನು ಬಿಡಬೇಕಿಲ್ಲ. ಅದರ ಪಕ್ಕದಲ್ಲಿ, ಮರಿಗಳನ್ನು ರೆಕ್ಕೆಯಡಿ ಕೂಡಿಸುವ ಹೇಂಟೆಗೆ ಅವನೇ ತನ್ನನ್ನು ಹೋಲಿಸಿಕೊಂಡದ್ದನ್ನೂ, ಕಳೆದುಹೋದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸಿದ ಹೆಂಗಸಿನ ಸಾಮತಿಯನ್ನೂ ಇಡಿ. ಹವ್ವಳನ್ನು ‘ಸಹಕಾರಿ’ ಎಂದದ್ದು ಕೆಳಗಿನ ಸ್ಥಾನವೇ ಎಂದು ದೊಡ್ಡ ಮಕ್ಕಳು ಕೇಳಿದರೆ, ಅಲ್ಲಿರುವ ಹೀಬ್ರೂ ಮಾತು ‘ಏಜೆರ್’. 121ನೆಯ ಕೀರ್ತನೆಯಲ್ಲಿ ಬೆಟ್ಟಗಳ ಕಡೆ ಕಣ್ಣೆತ್ತಿ ‘ನನ್ನ ಸಹಾಯ ಎಲ್ಲಿಂದ?’ ಎಂದು ಕೇಳುವಾಗಲೂ ಅದೇ ಮಾತು, ಅಲ್ಲಿ ಸಹಾಯಕನು ಸ್ವತಃ ದೇವರು. ಬೆಟ್ಟವೇ ಕಡಲಿಗೆ ಬಂದು ನಿಲ್ಲುವ ಈ ಊರಿನಲ್ಲಿ ಆ ಕೀರ್ತನೆಯನ್ನು ಕಿಟಕಿ ತೆರೆದು ಹೇಳಿಕೊಡಬಹುದು.

ಹಿಂದೆಯೇ ಬರುವ ಪ್ರಶ್ನೆ, "ಹಾಗಾದರೆ ಫಾದರ್ ಯಾಕೆ ಯಾವಾಗಲೂ ಗಂಡಸು?" ಕ್ಯಾಥೋಲಿಕರಿಗೆ ಇಲ್ಲಿ ನಾಲ್ಕನೆಯ ದಾರಿಯೂ ಕಲ್ಲುಮುಳ್ಳು. ಯೇಸು ಹನ್ನೆರಡು ಮಂದಿ ಗಂಡಸರನ್ನು ಆರಿಸಿದ, ಸಭೆ ಅದನ್ನೇ ಪಾಲಿಸುತ್ತದೆ ಎಂದು ಹೇಳುತ್ತೇನೆ. ಸಿಎಸ್‌ಐ ಸಭೆಯವರು ಬೇರೆ ರೀತಿ ನಂಬುತ್ತಾರೆ ಎಂದೂ ಹೇಳುತ್ತೇನೆ. ಜೊತೆಗೆ ಬದಲಾದದ್ದನ್ನು ತೋರಿಸುತ್ತೇನೆ: ಪೂಜೆಯಲ್ಲಿ ಗುರುಗಳಿಗೆ ನೆರವಾಗುವ ಪೀಠದ ಸೇವೆಗೆ ಹುಡುಗಿಯರಿಗೆ ರೋಮ್ ಅನುಮತಿ ಕೊಟ್ಟದ್ದು 1994ರಲ್ಲಿ, ನಿರ್ಧಾರ ಆಯಾ ಬಿಷಪರದ್ದು, ಪವಿತ್ರ ಗುರುವಾರ ಪಾದ ತೊಳೆಸಿಕೊಳ್ಳುವವರಲ್ಲಿ ಹೆಂಗಸರೂ ಇರಬಹುದು ಎಂದಾದದ್ದು 2016ರಲ್ಲಿ. ಒಬ್ಬಳು ಈ ಉತ್ತರದಿಂದ ತೃಪ್ತಳಾಗದೆ ಹುಬ್ಬು ಗಂಟಿಕ್ಕಿಕೊಂಡೇ ಮನೆಗೆ ಹೋದಳು. ಹೋಗಲಿ ಬಿಡಿ, ಎಲ್ಲ ಗಂಟನ್ನೂ ಏಳು ವರ್ಷಕ್ಕೇ ಬಿಚ್ಚಬೇಕೆಂದಿಲ್ಲ.

ಯಾವ ಮನೆಗೆ ಯಾವುದು

ನಾಲ್ಕನೆಯದನ್ನು ನಾನು ಆರಿಸಿಕೊಂಡೆ, ಮೂರನೆಯದರ ಉಪ್ಪು ಬೆರೆಸಿ. ಆದರೆ ಎಲ್ಲ ಮನೆಯೂ ಒಂದೇ ತರಹ ಇರುವುದಿಲ್ಲ. ತಂದೆ ಕೊಲ್ಲಿ ದೇಶದಲ್ಲಿ, ತಾಯಿ ಒಬ್ಬಳೇ ಎರಡೂ ಕೆಲಸ ಹೊತ್ತಿರುವ ಮನೆ ನಮ್ಮಲ್ಲಿ ಬೇಕಾದಷ್ಟಿವೆ. ಅಲ್ಲಿ ಒಂದನೆಯ ದಾರಿಯ ಚಿತ್ರಪುಸ್ತಕ ಮಗುವಿಗೆ ‘ನಮ್ಮ ಮನೆ ಅರ್ಧ’ ಎಂಬ ಭಾವ ತರುತ್ತದೆ, ಕೈಗೆ ಕೊಡಬೇಡಿ. ಹೆಣ್ಣುಮಕ್ಕಳೇ ಇರುವ ಮನೆಯಲ್ಲಿ ಮೂರನೆಯದಕ್ಕೆ ಹೆಚ್ಚು ಒತ್ತು ಕೊಡಿ, ಆಸ್ತಿಯ ಕಥೆ ಸಮೇತ. ಗಂಡುಮಕ್ಕಳೇ ಇರುವ ಮನೆಯಲ್ಲಿ ಪುಸ್ತಕಕ್ಕಿಂತ ಮೊದಲು ಪೊರಕೆ ಕೊಡಿ.

ಅಜ್ಜಿ ತಾತ ಒಂದನೆಯ ದಾರಿಯವರು, ಅಪ್ಪ ಅಮ್ಮ ನಾಲ್ಕನೆಯವರು ಎಂಬ ಜಗಳ ಎಲ್ಲ ಕಡೆ ಇರುವಂಥದ್ದು. ಮಗುವಿನ ಎದುರಿಗೆ ವಾದ ಬೇಡ. ಅಜ್ಜಿಯರು ವಾದಕ್ಕೆ ಬಗ್ಗುವವರಲ್ಲ, ಆದರೆ ಕಣ್ಣಿಗೆ ಕಂಡದ್ದನ್ನು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ಅವರಿಗಿದೆ. ಕಳೆದ ಸಾರಿಯ ಕ್ರಿಸ್ಮಸ್ ನಾಟಕದಲ್ಲಿ ಹುಡುಗಿಯೊಬ್ಬಳು ದೇವದೂತಳ ಬಿಳಿ ಫ್ರಾಕ್ ಬೇಡ, ಕುರಿ ಕಾಯುವವಳಾಗುತ್ತೇನೆ ಎಂದು ಹಟ ಹಿಡಿದಳು. ದೇವದೂತನಾಗಲು ಹುಡುಗನೊಬ್ಬ ಮೊದಲೇ ಸಾಲಿನಲ್ಲಿದ್ದ. ಗಬ್ರಿಯೇಲ, ಮಿಕಾಯೇಲ ಎಂದು ಬೈಬಲ್ಲಿನಲ್ಲಿ ಗಂಡು ಹೆಸರುಗಳೇ ಇರುವಾಗ ನಾವು ಇಷ್ಟು ವರ್ಷ ದೂತರನ್ನೆಲ್ಲ ಹುಡುಗಿಯರನ್ನಾಗಿ ಮಾಡಿದ್ದೇಕೋ ಗೊತ್ತಿಲ್ಲ. ಅದಲುಬದಲು ಮಾಡಿದೆ. ಇಬ್ಬರ ಅಜ್ಜಿಯರೂ ಮುಂದಿನ ಬೆಂಚಿನಲ್ಲಿ, ತುಟಿ ಬಿಗಿದು ಕುಳಿತಿದ್ದರು.

ಕಾರವಾರದಲ್ಲಿ ಕುರಿಮರಿ ಎಲ್ಲಿಂದ ತರುವುದು? ಆಡಿನ ಮರಿಯನ್ನೇ ತಂದಿದ್ದೆವು. ‘ಭಯಪಡಬೇಡಿರಿ’ ಎಂದು ದೂತನು ಕೈಯೆತ್ತಿದ ಹೊತ್ತಿಗೆ ಅದು ಹಗ್ಗ ಬಿಡಿಸಿಕೊಂಡು ಹೋಗಿ ಅವನ ರೆಕ್ಕೆಯ ಕಾಗದವನ್ನು ಹಿಂದಿನಿಂದ ತಿನ್ನತೊಡಗಿತು. ಸಭೆ ಬಿದ್ದು ಬಿದ್ದು ನಕ್ಕಿತು. ನಾಟಕ ಮುಗಿದ ಮೇಲೆ ಹುಡುಗಿಯ ಅಜ್ಜಿ ನೇರ ನನ್ನ ಹತ್ತಿರ ಬಂದರು. ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ.

"ಕುರಿ ಕಾಯುವವಳು ಅಂದ ಮೇಲೆ ಹಗ್ಗ ಗಟ್ಟಿಯಾಗಿ ಹಿಡಿದುಕೊಳ್ಳಬೇಡವೇ? ಮುಂದಿನ ಸಾರಿ ನಾನೇ ಹೇಳಿಕೊಡುತ್ತೇನೆ," ಎಂದರು.